ಶೀಲ್‌ಫಾಟಾ ಹಾದಿಯ ಡಿಲೈಟ್

68 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್, ನಾಲ್ಕು ಸಿಲಿಂಡರ್, ಒಟ್ಟು 1089 ಸಿಸಿ. ಈ ಅಂಕಿಗಳನ್ನು ಒಮ್ಮೆ ಬಾಯಿಪಾಠ ಮಾಡಿಕೊಳ್ಳಿ. ಯಾಕೆಂದರೆ ಈ ಅಳತೆಯ ಎಂಜಿನ್ ಇಟಲಿಯ ಟ್ಯುರಿನ್‌ನಲ್ಲಿ ಫಿಯೆಟ್ 508 ಸಿ ಎಂಬ ಕಾರಿನ ಹೊಟ್ಟೆಯಲ್ಲಿ ಮೊದಲು ಗುಡುಗಿದ್ದು 1937ರಲ್ಲಿ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ! ಆಮೇಲೆ ಯುದ್ಧ ಬಂತು, ಮುಗಿಯಿತು, ಭಾರತ ಸ್ವತಂತ್ರವಾಯಿತು, ಮನುಷ್ಯ ಚಂದ್ರನ ಮೇಲೆ ನಡೆದು ಬಂದ, ಮೈಸೂರು ಕರ್ನಾಟಕವಾಯಿತು, ಕಂಪ್ಯೂಟರ್ ಬಂತು, ಮೊಬೈಲ್ ಬಂತು. ಇಷ್ಟೆಲ್ಲ ಆದ ಮೇಲೂ ಮುಂಬಯಿಯಲ್ಲಿ ಅದೇ 68, ಅದೇ 75, ಅದೇ 1089 ತಯಾರಾಗುತ್ತಲೇ ಇತ್ತು. 2001ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ನಿಂತಾಗ ಅದೂ ನಿಂತಿತು. 64 ವರ್ಷ!

ಡೊಂಬಿವಲಿ ಪೂರ್ವದಲ್ಲಿ, ಮಾನ್‌ಪಾಡಾ ರಸ್ತೆಯಿಂದ ಒಳಕ್ಕೆ ತಿರುಗಿದ ಗಲ್ಲಿಯೊಂದರ ಗ್ಯಾರೇಜಿನಲ್ಲಿ ಆ ಎಂಜಿನ್ನಿನ ಮುಂದೆ ನಿಂತಿದ್ದೆ. ಕಾರು 1968ರ ಫಿಯೆಟ್ 1100 ಡಿಲೈಟ್. ಟ್ಯಾಕ್ಸಿಯ ಕಪ್ಪು-ಹಳದಿ ಬಣ್ಣ ಎಂದೂ ಮೈಗೆ ತಾಗದ ಮನೆಗಾಡಿ. ಮಾಲೀಕರು ಧಾರವಾಡ ಕಡೆಯವರು, ಕೆಲಸಕ್ಕೆಂದು ಬಂದು ಡೊಂಬಿವಲಿಯಲ್ಲೇ ಬೇರುಬಿಟ್ಟವರು. ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಇರುವ ಊರಲ್ಲವೇ ಇದು, ಕನ್ನಡ ಕಿವಿಗೆ ಬೀಳುವುದರಲ್ಲಿ ಅಚ್ಚರಿಯೇನಿಲ್ಲ. ಬಾನೆಟ್ ಎತ್ತಿ, ಸರಳು ಸಿಗಿಸಿ, ಅವರು ಹೇಳಿದ್ದು ಒಂದೇ ಮಾತು: "ಎಷ್ಟು ಜಾಗಾ ಐತಿ ನೋಡ್ರಿ ಒಳಗ."

ನಿಜಕ್ಕೂ ಎಷ್ಟು ಜಾಗ! ಇವತ್ತಿನ ಕಾರಿನ ಬಾನೆಟ್ ತೆರೆದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ ಬಿಟ್ಟು ಬೇರೇನೂ ಕಾಣದು. ಇಲ್ಲಿ ಎಲ್ಲವೂ ಕಣ್ಣೆದುರು. ಎದುರಿಗೆ ರೇಡಿಯೇಟರ್, ಅದರ ಹಿಂದೆ ಫ್ಯಾನು, ಫ್ಯಾನ್ ಬೆಲ್ಟು, ಬೆಲ್ಟು ತಿರುಗಿಸುವ ಡೈನಮೋ, ಮೇಲೆ ಕಾರ್ಬ್ಯುರೇಟರ್, ಪಕ್ಕದಲ್ಲಿ ಡಿಸ್ಟ್ರಿಬ್ಯೂಟರ್, ಅದರಿಂದ ನಾಲ್ಕು ಪ್ಲಗ್ಗಿಗೆ ನಾಲ್ಕು ವೈರು. ಯಾವುದು ಯಾವುದಕ್ಕೆ ಹೋಗುತ್ತದೆ ಎಂದು ಬೆರಳಿಟ್ಟು ತೋರಿಸಬಹುದು. ಹತ್ತನೆಯ ಕ್ಲಾಸಿನ ಹುಡುಗನನ್ನು ಇದರ ಮುಂದೆ ಅರ್ಧ ಗಂಟೆ ನಿಲ್ಲಿಸಿದರೆ ಪೆಟ್ರೋಲು ಹೇಗೆ ಓಟವಾಗುತ್ತದೆ ಎಂಬುದು ಅವನಿಗೆ ಜನ್ಮಕ್ಕೆ ಮರೆಯದು. ಮೆಕ್ಯಾನಿಕ್ ಒಂದು ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟ. ಪಿಂಗಾಣಿಯ ಮೇಲೆ ಅಚ್ಚಾಗಿದ್ದ ಹೆಸರು ನೋಡಿ ಎದೆ ಝಲ್ಲೆಂದಿತು: ಮೈಕೋ! ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ, 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಇಟಲಿಯ ನಕ್ಷೆ, ಮುಂಬಯಿಯ ಕಾರ್ಖಾನೆ, ಬೆಂಗಳೂರಿನ ಕಿಡಿ!

ಆಮೇಲೆ ಅವನು ಚೋಕ್ ಎಳೆದು ಎಂಜಿನ್ ಚಾಲೂ ಮಾಡಿದ. ಮೊದಲು ಒಂದು ಕೆಮ್ಮು, ಎರಡು ನಡುಕ, ಮತ್ತೆ ಆ ಸದ್ದು. ಫಿಯೆಟ್ ಇದ್ದ ಮನೆಯಲ್ಲಿ ಬೆಳೆದವರಿಗೆ ಅದನ್ನು ವರ್ಣಿಸಬೇಕಿಲ್ಲ, ಉಳಿದವರಿಗೆ ವರ್ಣಿಸಿ ತಿಳಿಸಲಾಗದು. ಚೋಕ್ ಒಳಗೆ ತಳ್ಳಿದಂತೆ ಸದ್ದು ಸಮವಾಯಿತು. ಸೀಟಿನ ಮೇಲೆ ಕೂತರೆ ಬೆನ್ನಿಗೆ ಹಿತವಾದ ಸಣ್ಣ ಕಂಪನ. ಮುಂದಿನ ಸೀಟು ಬೆಂಚು: ಡ್ರೈವರನ ಪಕ್ಕ ಇಬ್ಬರು ಆರಾಮಾಗಿ ಕೂರಬಹುದು. ಕಾಲಿಗೆ ಗೇರಿನ ದಂಡ ಅಡ್ಡ ಬರುವುದಿಲ್ಲ, ಅದು ಸ್ಟಿಯರಿಂಗಿನ ಕೆಳಗೇ ಎಡಕ್ಕೆ ಚಾಚಿಕೊಂಡಿದೆ. ತನ್ನತ್ತ ಎಳೆದು ಮೇಲಕ್ಕೆ ಒಂದು, ಕೆಳಕ್ಕೆ ಎರಡು. ಸಡಿಲ ಬಿಟ್ಟು ಮೇಲಕ್ಕೆ ಮೂರು, ಕೆಳಕ್ಕೆ ನಾಲ್ಕು. ಮುಂದಿನ ಬಾಗಿಲಿಗೆ ತ್ರಿಕೋನದ ಪುಟ್ಟ ಗಾಜು. ಅದನ್ನು ತುಸು ಓರೆ ಮಾಡಿದರೆ ಕೊಂಕಣದ ಮೇ ತಿಂಗಳಲ್ಲೂ ಮುಖಕ್ಕೆ ನೇರ ಗಾಳಿ. ಈ ತ್ರಿಕೋನದ ಗಾಜನ್ನು ಕಾರು ಕಂಪನಿಗಳು ಯಾಕೆ ಕೈಬಿಟ್ಟವೋ, ನನಗಂತೂ ಇವತ್ತಿಗೂ ಸಂಕಟ.

ಡಿಲೈಟ್ ನಮ್ಮಲ್ಲಿ ಬಂದದ್ದು 1964ರಲ್ಲಿ. ಅದಕ್ಕೂ ಮುಂಚೆ, 1954ರಿಂದ, ಗುಂಡುಗುಂಡಗಿನ ಫಿಯೆಟ್ 1100 ಇತ್ತು. ಮರಾಠಿ ಮಂದಿ ಅದನ್ನು ಪ್ರೀತಿಯಿಂದ ಡುಕ್ಕರ್ ಫಿಯೆಟ್, ಹಂದಿ ಫಿಯೆಟ್ ಅಂತ ಕರೆದರು. ಅದರ ಮುಂದಿನ ಬಾಗಿಲು ಉಲ್ಟಾ: ಕೀಲು ಹಿಂದೆ, ಹಿಡಿ ಮುಂದೆ. ಎರಡರ ಬುಡದಲ್ಲೂ ಇರುವುದು ಇಟಲಿಯ ಮಹಾ ಎಂಜಿನಿಯರ್ ದಾಂತೆ ಜ್ಯಾಕೋಸಾ ಅವರ ಕೈಚಳಕ. ಡಿಲೈಟ್ ಹೊತ್ತಿಗೆ ಮೈ ನೇರವಾಯಿತು, ಹಿಂದಿನ ಕೆಂಪು ದೀಪಗಳ ನೆತ್ತಿಯಲ್ಲಿ ರೆಕ್ಕೆಯಂಥ ಸಣ್ಣ ಏಣು ಮೂಡಿತು. ಎಂಜಿನ್ ಮಾತ್ರ ಅದೇ. 1966ರಿಂದ ಇಟಲಿಯಲ್ಲಿ 1100 ಆರ್ ಎಂಬ ಕೊನೆಯ ಮಾದರಿ ನಡೆದು, 1969ರಲ್ಲಿ ಆ ಸಂತತಿಯನ್ನೇ ನಿಲ್ಲಿಸಿ ಫಿಯೆಟ್ 128 ತಂದರು. ತವರಿನಲ್ಲಿ ದೀಪ ಆರಿಸಿದ ಮೇಲೂ ಮುಂಬಯಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಲೆ ಉರಿಯುತ್ತಲೇ ಇತ್ತು! 1972ರಲ್ಲಿ ಫಿಯೆಟ್ ಜತೆಗಿನ ಒಪ್ಪಂದ ಮುಗಿದಾಗ ಕಾರಿನ ಹೆಸರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಅಂತಲೇ ಅಂದರು.

ಈಗ ರಸ್ತೆಗೆ ಬರೋಣ. ನನ್ನನ್ನು ನಿದ್ದೆಗೆಡಿಸಿದ್ದು ಈ ರಸ್ತೆ.

ನಕ್ಷೆ ಬಿಡಿಸಿ ನೋಡಿ. ಡಿಲೈಟ್ ಹುಟ್ಟಿದ್ದು ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ. ಕಾರ್ಖಾನೆ ಇದ್ದದ್ದು ಆಗ್ರಾ ರೋಡ್ ಅಂತ ಕರೆಸಿಕೊಳ್ಳುತ್ತಿದ್ದ ಹಳೆಯ ಹೆದ್ದಾರಿಯ ಬದಿಗೆ. ಸಯನ್, ಕುರ್ಲಾ, ಘಾಟ್‌ಕೋಪರ್, ಮುಲುಂಡ್ ದಾಟಿ ಅದು ನೇರ ಠಾಣೆಗೆ ಬರುತ್ತದೆ. ಅರವತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕಾದ ಹೊಸ ಫಿಯೆಟ್ ಯಾವ ದಾರಿ ಹಿಡಿಯುತ್ತಿತ್ತು? ವಾಶಿ ಸೇತುವೆ ಇನ್ನೂ ಇಲ್ಲ, ಅದು ತೆರೆದದ್ದು ಎಪ್ಪತ್ತರ ದಶಕದಲ್ಲಿ. ನವಿ ಮುಂಬಯಿ ಎಂಬ ಊರೇ ಇಲ್ಲ, ಅದನ್ನು ಕಟ್ಟಲು ಸಿಡ್ಕೊ ಹುಟ್ಟಿದ್ದು 1970ರ ಮಾರ್ಚಿನಲ್ಲಿ. ಈಗ ಗಾಜಿನ ಕಟ್ಟಡಗಳು ನಿಂತಿರುವ ಕಡೆ ಆಗ ಉಪ್ಪಿನ ಗದ್ದೆ, ಭತ್ತದ ಗದ್ದೆ, ಮೀನುಗಾರರ ಹಳ್ಳಿಗಳು. ಹೀಗಾಗಿ ದಕ್ಷಿಣಕ್ಕೆ ಹೊರಟವರೆಲ್ಲ ಠಾಣೆಗೆ ಬಂದು, ಖಾಡಿ ದಾಟಿ ಕಳವಾ, ಪಾರ್ಸಿಕ್ ಗುಡ್ಡದ ಮಗ್ಗುಲಲ್ಲಿ ಮುಂಬ್ರಾ, ಅಲ್ಲಿಂದ ಶೀಲ್‌ಫಾಟಾ, ಪನ್ವೇಲ್! ಹಳೆಯ ರಾಷ್ಟ್ರೀಯ ಹೆದ್ದಾರಿ 4 ಶುರುವಾಗುತ್ತಿದ್ದದ್ದೇ ಠಾಣೆಯ ಹತ್ತಿರ. ಪುಣೆ, ನಿಪ್ಪಾಣಿ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು, ಕೊನೆಗೆ ಮದರಾಸು. ನಾವೆಲ್ಲ ಬಾಲ್ಯದಿಂದ ಕೇಳಿದ ಪೂನಾ-ಬೆಂಗಳೂರು ರೋಡಿನ ತಲೆ ಇರುವುದು ಇಲ್ಲಿ!

ಇವತ್ತು ಶೀಲ್‌ಫಾಟಾ ಅಂದರೆ ಲಾರಿಗಳ ಸಾಲು, ಧೂಳು, ಟ್ರಾಫಿಕ್ ಜಾಮಿನ ಗೋಳು. ಅದೇ ಕೂಡುರಸ್ತೆಯಲ್ಲಿ 1968ರ ಒಂದು ಬೆಳಗ್ಗೆ ಹೊಸ ಬಣ್ಣದ ವಾಸನೆ ಆರದ ಡಿಲೈಟ್ ಒಂದು ಬೆಳಗಾವಿಯತ್ತ ತಿರುಗುವುದನ್ನು ಕಲ್ಪಿಸಿಕೊಳ್ಳಿ. ಮುಂದೆ ಖೋಪೋಲಿ, ಅದರ ಮೇಲೆ ಬೋರ್ ಘಾಟ್. ಅಲ್ಲಿ ಗುಡ್ಡದ ಸೆರಗಿನಲ್ಲಿ ಶಿಂಗ್ರೋಬಾನ ಗುಡಿ. ಘಟ್ಟಕ್ಕೆ ದಾರಿ ತೋರಿಸಿದ ಧನಗರ ಕುರುಬನ ನೆನಪಿನ ಗುಡಿ ಅದು, ಗಾಡಿಯವರು ಇವತ್ತಿಗೂ ಕಾಸು ಹಾಕಿ ಮುಂದೆ ಹೋಗುತ್ತಾರೆ. 1089 ಸಿಸಿಯ ಪುಟ್ಟ ಎಂಜಿನ್, ಸುಮಾರು ನಲವತ್ತು ಕುದುರೆ ಬಲ, ಒಳಗೆ ಐದಾರು ಮಂದಿ, ಮೇಲೆ ಕ್ಯಾರಿಯರಿನಲ್ಲಿ ಹೋಲ್ಡಾಲು, ಟ್ರಂಕು. ಏರು ಹತ್ತುವಾಗ ಎರಡನೇ ಗೇರು, ರೇಡಿಯೇಟರ್ ಕುದಿದರೆ ನಿಲ್ಲಿಸಿ ನೀರು. ಎಂಥ ಪಯಣಗಳವು! ಕಾರಿಗೆ ಆಗ ಮುಂಬಯಿಯದಾದರೆ ಎಂಆರ್‌ನಿಂದ, ನಮ್ಮ ಮೈಸೂರು ರಾಜ್ಯದ್ದಾದರೆ ಎಂವೈನಿಂದ ಶುರುವಾಗುವ ನಂಬರು. ಇವತ್ತಿನ ಠಾಣೆಯ ಎಂಎಚ್ 04, ಕಲ್ಯಾಣದ 05, ವಾಶಿಯ 43 ಎಲ್ಲ ಬಹಳ ಆಮೇಲಿನವು.

ಈ ದಾರಿಯ ಆರಂಭದಲ್ಲೇ, ಕುರ್ಲಾದಲ್ಲಿ, ಇನ್ನೊಂದು ಬೆರಗು ಕಾದಿತ್ತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರ ಮನೆಯಲ್ಲಿ ಸ್ವಂತ ಕಾರಿರಲಿಲ್ಲ. ಮಕ್ಕಳ ಒತ್ತಾಯಕ್ಕೆ ಮಣಿದು 1964ರ ಮಾದರಿಯ ಫಿಯೆಟ್ ಕೊಂಡರು. ಬೆಲೆ 12,000 ರೂಪಾಯಿ, ಕೈಯಲ್ಲಿದ್ದದ್ದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. ದೇಶದ ಪ್ರಧಾನಿ! 1966ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ತೀರಿಕೊಂಡಾಗ ಸಾಲ ತೀರಿರಲಿಲ್ಲ, ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಆ ಕಾರು ಈಗ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ಇಷ್ಟು ಹಲವರಿಗೆ ಗೊತ್ತು. ಆದರೆ ಕುರ್ಲಾದಿಂದ ಠಾಣೆಗೆ ಬರುವ ಆ ಹಳೆಯ ಆಗ್ರಾ ರೋಡಿಗೆ ಈಗ ಏನು ಹೆಸರು ಹೇಳಿ? ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಗ! ಅವರ ಸಾಲದ ಫಿಯೆಟ್ ತಯಾರಾದ ಕಾರ್ಖಾನೆಯ ಮುಂದಿನ ರಸ್ತೆ ಅವರದೇ ಹೆಸರು ಹೊತ್ತಿದೆ. ದಿನಾ ಎಲ್‌ಬಿಎಸ್, ಎಲ್‌ಬಿಎಸ್ ಅನ್ನುತ್ತ ಠಾಣೆಗೆ ಬರುವ ಲಕ್ಷಾಂತರ ಮಂದಿಗೆ ಇದನ್ನು ಕೂಗಿ ಹೇಳಬೇಕು ಅನ್ನಿಸುತ್ತದೆ.

ಕಾರ್ಖಾನೆಯ ಕಥೆಯ ಬೇರು ಹುಡುಕುತ್ತ ಹೋದರೆ ಸಿಗುವವರು ಯಾರು ಗೊತ್ತೇ? ನಮ್ಮ ಸರ್ ಎಂ. ವಿಶ್ವೇಶ್ವರಯ್ಯ! ಕನ್ನಂಬಾಡಿ ಕಟ್ಟಿದ ಕೈ ಕಾರಿಗೂ ಕೈ ಹಾಕಿತ್ತು. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದರು. ಭಾರತದ ನೆಲದಲ್ಲೇ ಕಾರು ತಯಾರಾಗಬೇಕು, ಬಿಡಿಭಾಗ ತರಿಸಿ ಜೋಡಿಸಿದರೆ ಸಾಲದು ಎಂಬುದು ಅವರ ಹಟ. ಮುಂಬಯಿಯಲ್ಲಿ ಕಾರ್ಖಾನೆಗೆ ಯೋಜನೆ ಬರೆದರು. ಬಿ.ಜಿ. ಖೇರ್ ಅವರ ಮುಂಬಯಿ ಸರಕಾರ ಬೆಂಬಲಕ್ಕೆ ನಿಂತಿತು, ಆದರೆ 1939ರಲ್ಲಿ ಕಾಂಗ್ರೆಸ್ ಸರಕಾರಗಳೇ ರಾಜೀನಾಮೆ ಕೊಟ್ಟವು. ಮೈಸೂರು ಸಂಸ್ಥಾನ ಕೈಜೋಡಿಸಲು ಬಂತು, ಬ್ರಿಟಿಷರ ಭಾರತ ಸರಕಾರ ಒಪ್ಪಲಿಲ್ಲ. ತಮ್ಮ ಆತ್ಮಕಥನದಲ್ಲಿ ಈ ಹೋರಾಟಕ್ಕೆ ಅವರು ಸಾಕಷ್ಟು ಪುಟ ಕೊಟ್ಟಿದ್ದಾರೆ. ಅಣೆಕಟ್ಟು, ಉಕ್ಕು, ಸಾಬೂನು, ಬ್ಯಾಂಕು, ವಿಶ್ವವಿದ್ಯಾಲಯ ಎಂದು ಎಣಿಸುವಾಗ ನಾವು ಈ ಕಾರಿನ ಕನಸನ್ನು ಬಿಟ್ಟೇಬಿಡುತ್ತೇವಲ್ಲ, ಅದು ಸರಿಯಲ್ಲ.

ಆ ಕನಸಿನ ಜತೆಗಾರ ವಾಲಚಂದ್ ಹೀರಾಚಂದ್. 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ, ಕನ್ನಡ ಮರಾಠಿ ತೆಲುಗು ಮೂರೂ ಬೀದಿಯಲ್ಲಿ ಕೇಳುವ ಗಡಿಯೂರಿನಲ್ಲಿ. 1939ರಲ್ಲಿ ಅವರು ಅಮೆರಿಕಕ್ಕೆ ಹೊರಟದ್ದು ಕಾರಿನ ಕೆಲಸಕ್ಕೆ. ಆ ಪ್ರವಾಸದಲ್ಲಿ, ಪೆಸಿಫಿಕ್ ಸಾಗರ ದಾಟುವ ವಿಮಾನದಲ್ಲಿ, ಗಂಟು ಬಿದ್ದವನು ವಿಲಿಯಂ ಪಾಲಿ ಎಂಬ ಅಮೆರಿಕನ್. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಮಾತಿಗೆ ಮಾತು ಬೆಳೆಯಿತು. ಕಾರಿನ ಮಾತು ವಿಮಾನಕ್ಕೆ ಹೊರಳಿತು. ಮೈಸೂರು ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳಕ್ಕೂ ಸೇರಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ಹೌದು, ಅದೇ ಎಚ್ಎಎಲ್! ಕಾರು ಹುಡುಕಿಕೊಂಡು ಹೋದವನು ಬೆಂಗಳೂರಿಗೆ ವಿಮಾನ ತಂದ. ಮಾರತಹಳ್ಳಿ ಕಡೆ ಹೋಗುವಾಗ ತಲೆಯ ಮೇಲೆ ಹಾರುವ ತೇಜಸ್ ವಿಮಾನಕ್ಕೂ ಡೊಂಬಿವಲಿಯ ಗಲ್ಲಿಯಲ್ಲಿ ಗುಡುಗುಡಿಸುವ ಈ ಡಿಲೈಟಿಗೂ ಮೂಲ ಒಂದೇ ಪ್ರವಾಸದಲ್ಲಿದೆ ಎಂದರೆ ನಂಬುವುದಕ್ಕೆ ನನಗೇ ಎರಡು ದಿನ ಹಿಡಿಯಿತು.

ಕಾರಿನ ಹಟವನ್ನೂ ವಾಲಚಂದ್ ಬಿಡಲಿಲ್ಲ. ಕ್ರೈಸ್ಲರ್ ಜತೆ ಒಪ್ಪಂದ ಮಾಡಿಕೊಂಡು ಬಂದಿದ್ದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು, 1947ರಲ್ಲಿ ಕುರ್ಲಾದಿಂದ ಡಾಜ್, ಪ್ಲಿಮತ್ ವಾಹನಗಳು ಹೊರಬಂದವು. ಆಮೇಲೆ ಫಿಯೆಟ್ ನಂಟು. 1953ರಲ್ಲಿ ವಾಲಚಂದ್ ಕಣ್ಮುಚ್ಚಿದರು, ಡಿಲೈಟ್ ನೋಡಲಿಲ್ಲ. 1962ರ ಏಪ್ರಿಲಿನಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರೂ ನೋಡಲಿಲ್ಲ, ಎರಡೇ ವರ್ಷದಲ್ಲಿ ತಪ್ಪಿಹೋಯಿತು.

1968ರ ಜಗತ್ತನ್ನು ಒಮ್ಮೆ ನೋಡಿ ಬರೋಣ. ಅಮೆರಿಕದಲ್ಲಿ ಅದೇ ಕ್ರೈಸ್ಲರಿನ ಡಾಜ್ ಚಾರ್ಜರ್, ಫೋರ್ಡ್ ಮಸ್ಟಾಂಗ್, ಶೆವ್ರೊಲೆ ಕಮಾರೊ ರಸ್ತೆಯನ್ನು ಸುಡುತ್ತಿವೆ. ಇಟಲಿಯಲ್ಲಿ ಲಂಬೊರ್ಗಿನಿ ಮಿಯೂರಾ. ಹಳೆಯ ಕಾರುಗಳ ಪ್ರಿಯರು ಅರವತ್ತರ ಕೊನೆಯ ವರ್ಷಗಳನ್ನು ಹೇಳಿ ನಿಟ್ಟುಸಿರಿಡುವುದು ಇವುಗಳಿಗಾಗಿ. ನಮ್ಮಲ್ಲಿ? ಮೂರೇ ಕಾರು. ಉತ್ತರಪಾರಾದ ಅಂಬಾಸಡರ್ ಮಾರ್ಕ್ 2, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಕುರ್ಲಾದ ಫಿಯೆಟ್. ಅದಕ್ಕೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಬೆಲೆ ಎಷ್ಟಿರಬೇಕು ಎಂದು ಸರಕಾರವೇ ಕಟ್ಟು ಹಾಕಿತ್ತು. ಆ ಜಗಳದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 1971ರಲ್ಲಿ ತೀರ್ಪು ಬಂತು. ನನ್ನನ್ನು ಕೇಳಿದರೆ ಚಾರ್ಜರಿಗಿಂತ ಡಿಲೈಟೇ ದೊಡ್ಡ ಪವಾಡ. ಚಾರ್ಜರ್ ತಯಾರಾದದ್ದು ಎಲ್ಲ ಇದ್ದ ದೇಶದಲ್ಲಿ. ಇದು ತಯಾರಾದದ್ದು ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶದಲ್ಲಿ, ಒಂದೊಂದೇ ಬಿಡಿಭಾಗವನ್ನು ಇಲ್ಲೇ ಮಾಡಲು ಕಲಿಯುತ್ತ. ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಎಂಐಡಿಸಿ, ಹುಟ್ಟಿದ್ದು 1962ರಲ್ಲಿ. ಠಾಣೆಯ ವಾಗ್ಳೆ ಎಸ್ಟೇಟು, ಡೊಂಬಿವಲಿಯ ಕೈಗಾರಿಕಾ ಪ್ರದೇಶ, ಠಾಣೆ-ಬೇಲಾಪುರ ಪಟ್ಟಿ, ಎಲ್ಲ ಆ ದಶಕದಲ್ಲೇ ಚಿಗುರಿದವು. ಲೇತು, ಅಚ್ಚು, ಎರಕ ಬಲ್ಲ ಕೈಗಳು ಈ ಸೀಮೆಯಲ್ಲಿ ತಯಾರಾದದ್ದು ಹಾಗೆ.

ಆ ಕೈಗಳು ಇನ್ನೂ ಇವೆ. ಡಿಲೈಟಿನ ಮೆಕ್ಯಾನಿಕ್ ಹಿಂದಿನ ಪಾಟಾ, ಅಂದರೆ ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಬಿಚ್ಚಿ ನೆಲದ ಮೇಲೆ ಉದ್ದದ ಕ್ರಮದಲ್ಲಿ ಜೋಡಿಸಿಟ್ಟಿದ್ದ. ಪ್ರತಿ ಪಟ್ಟಿಯನ್ನೂ ಎತ್ತಿ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಠಣ್ ಎಂದದ್ದು ಒಂದು ಕಡೆ, ಮಂಕಾಗಿ ಸದ್ದು ಕೊಟ್ಟದ್ದು ಇನ್ನೊಂದು ಕಡೆ. ಮಂಕಾದದ್ದರಲ್ಲಿ ಕೂದಲೆಳೆಯಷ್ಟು ಬಿರುಕಿರುತ್ತದಂತೆ. ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿದ: ಇತ್ತು! ಯಾವ ಸ್ಕ್ಯಾನರೂ ಇಲ್ಲ, ಕಂಪ್ಯೂಟರೂ ಇಲ್ಲ. ಬರೀ ಕಿವಿ.

ಈ ಸೀಮೆಗೂ ಪ್ರೀಮಿಯರಿಗೂ ನೇರ ನಂಟೂ ಇದೆ. ಕಲ್ಯಾಣ-ಶೀಲ್ ರಸ್ತೆಯಲ್ಲಿ, ಡೊಂಬಿವಲಿಯ ಅಂಚಿನಲ್ಲಿ, ಕಂಪನಿಯ ಇನ್ನೊಂದು ಕಾರ್ಖಾನೆ ಇತ್ತು. 1994ರಿಂದ ಫ್ರೆಂಚರ ಪ್ಯೂಜೊ ಜತೆ ಸೇರಿ 309 ಎಂಬ ಕಾರನ್ನು ಅಲ್ಲಿ ತಯಾರಿಸಿದರು. ಹಳೆಯ ಫಿಯೆಟ್ ಎದುರಿಗೆ ಅದು ಎಷ್ಟೋ ಆಧುನಿಕ, ಆದರೂ ಕೆಲವೇ ವರ್ಷಗಳಲ್ಲಿ ಮುಳುಗಿತು. ಅಜ್ಜನಂಥ ಪದ್ಮಿನಿಯೇ ಅದಕ್ಕಿಂತ ಹೆಚ್ಚು ಬಾಳಿತು. ಈಗ ಅಲ್ಲಿ ಕಾರ್ಖಾನೆಯ ಸೈರನ್ನಿಲ್ಲ. ಆದರೆ ಪ್ರೀಮಿಯರ್ ಕಾಲೊನಿ ಎಂಬ ಹೆಸರು ಬಾಯಲ್ಲಿದೆ, ರಾಜಕೀಯದವರ ದೊಡ್ಡ ಸಭೆಗಳು ನಡೆಯುವುದು ಪ್ರೀಮಿಯರ್ ಮೈದಾನದಲ್ಲಿ. ಯಾವ ಪ್ರೀಮಿಯರ್ ಎಂದು ಅಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಕೇಳಿ ನೋಡಿ, ಐಪಿಎಲ್ ಅನ್ನುತ್ತಾರೇನೋ!

ಪದ್ಮಿನಿ ಟ್ಯಾಕ್ಸಿಗಳ ಕಥೆ ಎಲ್ಲರಿಗೂ ಗೊತ್ತು. ಮುಂಬಯಿಯ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಲ್ಲಿಲ್ಲ. ಅವತ್ತು ಎಲ್ಲ ಪತ್ರಿಕೆಗಳೂ ಕಣ್ಣೀರು ಹಾಕಿದವು. ಆದರೆ ಟ್ಯಾಕ್ಸಿಯಾಗದ, ಮನೆಮನೆಯ ಡಿಲೈಟುಗಳ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಅವು ಇವೆ! ಠಾಣೆಯ ನೌಪಾಡಾದ ಹಳೆಯ ಕಟ್ಟಡಗಳ ಹಿತ್ತಿಲಲ್ಲಿ, ಕಲ್ಯಾಣದ ಹಳೆಯ ವಾಡೆಗಳ ಪಡಸಾಲೆಯಲ್ಲಿ, ಟಾರ್ಪಾಲಿನ ಕೆಳಗೆ. ಕಣ್ಣು ಪಳಗಿದ ಮೇಲೆ ಟಾರ್ಪಾಲಿನ ಉಬ್ಬು ನೋಡಿಯೇ ಹೇಳಬಹುದು, ಒಳಗಿರುವುದು ಫಿಯೆಟ್ ಎಂದು.

ಕಾನೂನೂ ಈಗ ಅವುಗಳ ಕಡೆಗಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸದಾಗಿ ಈ ವರ್ಗದಲ್ಲಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ಅವಧಿ, ಆಮೇಲಿನ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ, ಪ್ರದರ್ಶನಕ್ಕೆ, ರ್‍ಯಾಲಿಗೆ, ದುರಸ್ತಿಗೆ ಓಡಿಸಬಹುದು. ಅರವತ್ತರ ದಶಕದ ಡಿಲೈಟುಗಳೆಲ್ಲ ಈ ಗೆರೆ ದಾಟಿಯಾಗಿದೆ. 1972ರ ಪ್ರೆಸಿಡೆಂಟುಗಳೂ ದಾಟಿವೆ. 1974ರ ಮೊದಲ ಪದ್ಮಿನಿಗಳ ಸರದಿಯೂ ಬಂದಿದೆ.

ಆದ್ದರಿಂದ, ನಿಮ್ಮ ಅಜ್ಜನ ಮನೆಯಲ್ಲೋ ಮಾವನ ಮನೆಯಲ್ಲೋ, ಡೊಂಬಿವಲಿಯಲ್ಲಾಗಲಿ ದಾವಣಗೆರೆಯಲ್ಲಾಗಲಿ, ಹಳೆಯ ಫಿಯೆಟ್ ಒಂದು ನಿಂತಿದ್ದರೆ ಗುಜರಿಯವನಿಗೆ ಫೋನ್ ಮಾಡುವ ಮೊದಲು ಕಪಾಟಿನಿಂದ ಅದರ ಆರ್‌ಸಿ ಪುಸ್ತಕ ಹುಡುಕಿ ತೆಗೆಯಿರಿ. ನೋಂದಣಿಯ ವರ್ಷ ನೋಡಿ. ಎಂಜಿನ್ ನಂಬರು ಪುಸ್ತಕದಲ್ಲಿರುವುದಕ್ಕೆ ಹೊಂದುತ್ತದೆಯೇ, ನೆಲದ ತಗಡಿಗೆ ತುಕ್ಕು ಎಷ್ಟು ಏರಿದೆ, ತ್ರಿಕೋನದ ಗಾಜು ಎರಡೂ ಇವೆಯೇ ಪರೀಕ್ಷಿಸಿ. ಎಂಜಿನ್ ಹಿಡಿದುಕೊಂಡಿದ್ದರೂ ಹೆದರಬೇಡಿ. 1937ರ ಆ 68 ಮಿಲಿಮೀಟರ್ ಬೋರನ್ನು ಇವತ್ತಿಗೂ ಬಿಚ್ಚಿ ಕೂಡಿಸಬಲ್ಲವರು ಮಾನ್‌ಪಾಡಾ ರಸ್ತೆಯ ಗಲ್ಲಿಯಲ್ಲಿದ್ದಾರೆ, ನಿಮ್ಮ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ.